ಸೋತವರ ಚೀಟಿಯೂ ಇರಲಿ, ಮಗಳೇ

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಪುಣೆಯಿಂದ ಫೋನ್ ಮಾಡಿದಾಗ ಕೇಳಿದೆಯಲ್ಲ, 'ಅಮ್ಮಾ, ನಿನ್ನ ಟ್ರಂಕಿನಲ್ಲಿರುವ ಹಳೆ ಚುನಾವಣೆಗಳ ಚೀಟಿ, ಕರಪತ್ರ, ಬಿಲ್ಲೆಗಳಲ್ಲಿ ದೊಡ್ಡ ನಾಯಕರದ್ದು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕಿದರೆ ಆಗಲ್ವಾ?' ಅಂತ. ಆಗಲ್ಲ ಪುಟ್ಟಿ. ಯಾಕೆ ಅಂತ ಹೇಳುತ್ತೇನೆ.

ಗೆದ್ದವರ ಫೋಟೋ ಎಲ್ಲಾ ಕಡೆ ಸಿಗುತ್ತದೆ. ಠೇವಣಿ ಕಳೆದುಕೊಂಡ ಪಕ್ಷೇತರನ ಕರಪತ್ರ ಯಾರ ಹತ್ತಿರ ಇದೆ? ಅವನೂ ನಲ್ಲಿ ನೀರಿನ ಬಗ್ಗೆ, ಲೋಕಲ್ ರೈಲಿನ ನೂಕುನುಗ್ಗಲಿನ ಬಗ್ಗೆ ಬರೆದಿದ್ದ. ಆಗ ಜನಕ್ಕೆ ಏನು ಬೇಕಾಗಿತ್ತು ಅಂತ ಗೊತ್ತಾಗುವುದು ಅಂಥ ಕಾಗದದಿಂದಲೇ.

ಸರ್ಕಾರಿ ನೌಕರರು ಯಾವ ಪಕ್ಷದ ಪ್ರಚಾರವನ್ನೂ ಮಾಡುವಂತಿಲ್ಲ. ನಾನು ಒಂದು ಬಿಲ್ಲೆಯನ್ನೂ ಸೀರೆಗೆ ಸಿಕ್ಕಿಸಿಕೊಂಡವಳಲ್ಲ. ಎಲ್ಲರದ್ದನ್ನೂ ಒಂದೇ ಟ್ರಂಕಿನಲ್ಲಿಟ್ಟೆ. ಮತಗಟ್ಟೆಯಿಂದ ಒಂದು ಚೂರು ಕಾಗದವನ್ನೂ ಮನೆಗೆ ತಂದಿಲ್ಲ, ಅದು ಮನಸ್ಸಿನಲ್ಲಿರಲಿ. ಇರುವುದೆಲ್ಲ ರಸ್ತೆಯಲ್ಲಿ ಬಿದ್ದಿದ್ದು, ಇಲ್ಲವೇ ಜನ ಕೊಟ್ಟಿದ್ದು.

1977ರ ಎರಡು ತಗಡಿನ ಬಿಲ್ಲೆಗಳಿವೆ. ಒಂದರಲ್ಲಿ ಕಾಂಗ್ರೆಸ್ಸಿನ ಹಸು-ಕರು, ಇನ್ನೊಂದರಲ್ಲಿ ಜನತಾ ಪಕ್ಷದ ನೇಗಿಲು ಹೊತ್ತ ರೈತ. ಹಸುವಿನ ಕೊಂಬಿನ ಹತ್ತಿರ ಬಣ್ಣ ಎದ್ದಿದೆ. ಹಿಂದಿನ ಪಿನ್ನು ತುಕ್ಕು ಹಿಡಿದಿದೆ, ಎಳೆಯಬೇಡ. ಅದಕ್ಕೂ ಮೊದಲು ಕಾಂಗ್ರೆಸ್ಸಿನ ಗುರುತು ಜೋಡೆತ್ತು. 1969ರಲ್ಲಿ ಪಕ್ಷ ಒಡೆದ ಮೇಲೆ ಇಂದಿರಾ ಗಾಂಧಿಯವರ ಕಡೆಯವರಿಗೆ ಹಸು-ಕರು ಬಂತು. 1978ರಲ್ಲಿ ಮತ್ತೆ ಒಡೆಯಿತು, ಕೈ ಬಂತು. ಮೂರೂ ನಮ್ಮಲ್ಲಿವೆ. ಒಂದನ್ನು ತೆಗೆದರೂ ಕತೆ ತುಂಡಾಗುತ್ತದೆ, ಅಲ್ವಾ?

ಆ ಜೋಡೆತ್ತಿನ ಚೀಟಿ 1967ರದ್ದು. ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್.ಕೆ. ಪಾಟೀಲರನ್ನು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಸೋಲಿಸಿದ ಚುನಾವಣೆ. ಪಾಟೀಲರು ಸೋಲುತ್ತಾರೆ ಅಂತ ಅಂದುಕೊಂಡವರೇ ಕಮ್ಮಿ. ನಿನ್ನ ಅಜ್ಜ ಆಗ ಫೋರ್ಟಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿದ್ದರು. ಹೋಟೆಲ್ ಹುಡುಗರೆಲ್ಲ ಜಾರ್ಜ್ ಕಡೆ, ಅಜ್ಜನೂ ಅದೇ ಕಡೆ. ಆದರೆ ನಮಗೆ ಉಳಿದದ್ದು ಪಾಟೀಲರ ಚೀಟಿ. ತಿರುಗಿಸಿ ನೋಡು, ಯಾರೋ ಗಿರಾಕಿಯ ಊಟದ ಬಾಕಿಯನ್ನು ಅಜ್ಜ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ನನಗೆ ಇಡೀ ಟ್ರಂಕಿನಲ್ಲಿ ಅದೇ ಜಾಸ್ತಿ ಇಷ್ಟ.

ಬಿಡಿಬಿಡಿಯಾಗಿ ಮಾರಬೇಡ. ಯಾವುದಾದರೂ ಲೈಬ್ರರಿಯವರು ಕೇಳಿದರೆ ಟ್ರಂಕ್ ಸಮೇತ ಕೊಡು. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ, ಆಮೇಲೆ ಕಾಗದವನ್ನು ಬಿಡಿಸೋಕೆ ಆಗಲ್ಲ.

ಶನಿವಾರ ಬಾ. ಯಾವುದು ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಅಂತ ಒಂದೊಂದಕ್ಕೂ ಬರೆದಿಡಬೇಕು. ನಾನು ಹೇಳುತ್ತೇನೆ, ನೀನು ಬರಿ. ನಿನ್ನ ಅಕ್ಷರ ಚೆನ್ನಾಗಿದೆ.

ನಿನ್ನ
ಅಮ್ಮ