ಭಾನುವಾರದ ಚರ್ಚೆ: ಪಕ್ಷವೂ ತಂಡವೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ವಾಸ್ಕೋದಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಕ್ರಿಕೆಟ್ ತಂಡದ ಹಾಗೆ ಪಕ್ಷಕ್ಕೂ ಕಣ್ಣುಮುಚ್ಚಿ ಅಂಟಿಕೊಳ್ಳಬೇಕೇ ಎಂಬುದೇ ಚರ್ಚೆ.

ಆರ್‌ಸಿಬಿ 2008ರಿಂದ ಆಡಿ ಐಪಿಎಲ್ ಕಪ್ ಗೆದ್ದದ್ದು 2025ರಲ್ಲಿ. ಅಷ್ಟು ವರ್ಷ ಕಾದವರ ಅಭಿಮಾನ ದೊಡ್ಡದು. ಪಕ್ಷದ ಲೆಕ್ಕ ಬೇರೆ. ಅದು ಮಾಡಿದ್ದು, ಬಿಟ್ಟಿದ್ದು ನಮ್ಮ ನಲ್ಲಿ ನೀರಿಗೂ ರಸ್ತೆಗೂ ತಟ್ಟುತ್ತದೆ. ನಮ್ಮ ಗೋವಾದಲ್ಲೇ 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನ 11 ಶಾಸಕರಲ್ಲಿ 8 ಮಂದಿ ಬಿಜೆಪಿ ಸೇರಿದರು. ಮೂರನೇ ಎರಡು ಭಾಗ ಶಾಸಕರು ಒಟ್ಟಿಗೆ ಹೋದರೆ ಅದನ್ನು ವಿಲೀನ ಎಂದು ಹೇಳಿ ಸ್ಥಾನ ಉಳಿಸಿಕೊಳ್ಳಲು, ಪಕ್ಷಾಂತರ ತಡೆಯುವ ಸಂವಿಧಾನದ 10ನೇ ಅನುಸೂಚಿಯಲ್ಲೇ ದಾರಿಯಿದೆ. ಅವರಿಗಿಲ್ಲದ ಹಟ ನಮಗೇಕೆ? ಪಕ್ಷಕ್ಕಾಗಿ ಅಕ್ಕಪಕ್ಕದ ಮನೆಯವರು ಮಾತು ಬಿಡುವುದು ನೋಡಿದರೆ ಸಂಕಟವಾಗುತ್ತದೆ.

ಪ್ರತಿಯೊಬ್ಬರೂ ತಮ್ಮ ಮೆಚ್ಚಿನ ಪಕ್ಷದ ಒಂದು ತಪ್ಪು ಹೇಳಲು ತಯಾರಾಗಿ ಬನ್ನಿ. ಅಲ್ಲಿಯವರೆಗೆ ಗುಂಪಿನಲ್ಲಿ ಪಕ್ಷದ ಫಾರ್ವರ್ಡ್ ಬೇಡ. ಬರುವವರು ಶುಕ್ರವಾರದೊಳಗೆ ತಿಳಿಸಿ, ಚಹಾಕ್ಕೆ ಹೇಳಬೇಕು.