ಕೈಪಿಡಿಯ ಜೊತೆ ಒಂದು ಕಾದಂಬರಿಯೂ ಇರಲಿ

ಪುಟ್ಟಾ,

ಸೈನ್ಯದ ತರಬೇತಿಯ ಪುಸ್ತಕಗಳನ್ನೇ ಓದಿ ಮುಗಿಸಲು ಆಗುತ್ತಿಲ್ಲ, ಇನ್ನು ಕಾದಂಬರಿ ಯಾಕೆ ದೊಡ್ಡಪ್ಪ ಅಂತ ಕೇಳಿದ್ದೀಯ. ಬೇಕು ಕಣೋ. ಬಂದೂಕು ಹೇಗೆ ಹಿಡಿಯಬೇಕು ಅಂತ ಕೈಪಿಡಿ ಹೇಳಿಕೊಡುತ್ತದೆ. ಎದುರಿನಿಂದ ಗುಂಡು ಬರುವಾಗ ನಿನ್ನ ತಲೆಯೊಳಗೆ ಏನಾಗುತ್ತದೆ ಅನ್ನೋದು ಅದರಲ್ಲಿ ಇರುವುದಿಲ್ಲ.

ರಷ್ಯಾದ ಲೇಖಕ ಟಾಲ್‌ಸ್ಟಾಯ್ ಸ್ವತಃ ಸೈನ್ಯದಲ್ಲಿದ್ದವನು, ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ಟೊಪೋಲ್ ಊರಿಗೆ ಹಾಕಿದ ಮುತ್ತಿಗೆಯನ್ನು ಒಳಗಿಂದಲೇ ಕಂಡವನು. ಅವನ ‘ಯುದ್ಧ ಮತ್ತು ಶಾಂತಿ’ಯಲ್ಲಿ ನಿಕೊಲಾಯ್ ರೊಸ್ತೋವ್ ಅಂತ ಒಬ್ಬ ಹುಡುಗ ಬರುತ್ತಾನೆ. 1805ರಲ್ಲಿ ನೆಪೋಲಿಯನ್‌ನ ಫ್ರಾನ್ಸ್ ವಿರುದ್ಧ ರಷ್ಯಾ ಮಾಡಿದ ಯುದ್ಧ. ಕುದುರೆ ಬಿದ್ದಿದೆ, ಕೈಗೆ ಪೆಟ್ಟಾಗಿದೆ, ಫ್ರೆಂಚ್ ಸೈನಿಕರು ಅವನತ್ತಲೇ ಓಡಿ ಬರುತ್ತಿದ್ದಾರೆ. ಇವರು ಬರುತ್ತಿರುವುದು ನನ್ನನ್ನು ಕೊಲ್ಲೋದಕ್ಕಾ, ಎಲ್ಲರಿಗೂ ಇಷ್ಟವಾದ ನನ್ನನ್ನಾ ಅಂತ ಅವನಿಗೆ ನಂಬಲಿಕ್ಕೇ ಆಗುವುದಿಲ್ಲ. ಕೈಯಲ್ಲಿದ್ದ ಪಿಸ್ತೂಲನ್ನು ಹಾರಿಸುವ ಬದಲು ಅವರ ಮೇಲೆ ಎಸೆದು, ಪೊದೆಗಳ ಕಡೆಗೆ ಓಟ ಕೀಳುತ್ತಾನೆ. ಹೇಡಿ ಅಂದುಕೊಳ್ಳಬೇಡ, ಮುಂದೆ ಇವನೇ ಒಳ್ಳೆಯ ಅಧಿಕಾರಿಯಾಗುತ್ತಾನೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಆಮೇಲಿನ ಭಾಗ. ಗೆಳೆಯರ ಮುಂದೆ ಅವನು ಇದ್ದದ್ದನ್ನೇ ಹೇಳಲು ಶುರು ಮಾಡುತ್ತಾನೆ, ಆದರೆ ಕೇಳುವವರಿಗೆ ಬೇಕಾಗಿದ್ದು ಕತ್ತಿ ಬೀಸಿ ನುಗ್ಗಿದ ಕಥೆ, ಹಾಗಾಗಿ ಅವನಿಗೇ ಗೊತ್ತಾಗದ ಹಾಗೆ ಮಾತು ಆ ಕಡೆಗೆ ಜಾರಿಬಿಡುತ್ತದೆ. ಇದನ್ನು ಎರಡು ಸಲ ಓದು. ನಾಳೆ ನೀನೂ ವರದಿ ಬರೆಯುತ್ತೀಯ, ಬೇರೆಯವರು ಬರೆದದ್ದನ್ನು ನಂಬುತ್ತೀಯ, ಅದರ ಮೇಲೆ ಮುಂದಿನ ದಾಳಿಯ ಲೆಕ್ಕ ನಿಲ್ಲುತ್ತದೆ, ಅಲ್ವಾ? ಅಲ್ಲಿ ಸುಳ್ಳು ಸೇರಿದರೆ ಸಾಯೋದು ನಿನ್ನ ಹುಡುಗರೇ.

ಜರ್ಮನ್ ಲೇಖಕ ರೆಮಾರ್ಕ್ ಮೊದಲ ಮಹಾಯುದ್ಧದ ಬಗ್ಗೆ 1929ರಲ್ಲಿ ತಂದ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಕಾದಂಬರಿಯಲ್ಲಿ ಒಬ್ಬ ಜರ್ಮನ್ ಹುಡುಗ ಗುಂಡಿಯೊಳಗೆ ಬಿದ್ದ ಫ್ರೆಂಚ್ ಸೈನಿಕನಿಗೆ ಇರಿಯುತ್ತಾನೆ. ಅವನು ತಕ್ಷಣ ಸಾಯುವುದಿಲ್ಲ. ಹೊರಗೆ ಹೋಗುವ ಹಾಗಿಲ್ಲ, ಗಂಟೆಗಟ್ಟಲೆ ಅವನ ನರಳಾಟ ಕೇಳುತ್ತಾ ಪಕ್ಕದಲ್ಲೇ ಕೂರಬೇಕು. ಕೊನೆಗೆ ಪಾಕೀಟು ತೆಗೆದು ನೋಡಿದರೆ ಹೆಂಡತಿ, ಮಗಳ ಫೋಟೋ. ನಮ್ಮ ರನ್ನನ ದುರ್ಯೋಧನನೂ ಹೆಣಗಳ ನಡುವೆ ನಡೆಯುವಾಗ ಗುರು, ತಮ್ಮ, ಮಗ, ಗೆಳೆಯ ಅಂತ ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಕರ್ತವ್ಯ ಬಿಡು ಅಂತ ನಾನು ಹೇಳುತ್ತಿಲ್ಲ. ಆ ಭಾರ ಎಂಥದ್ದು ಅಂತ ಮೊದಲೇ ಸ್ವಲ್ಪ ಗೊತ್ತಿರಲಿ, ಒಮ್ಮೆಲೇ ತಲೆಯ ಮೇಲೆ ಬೀಳುವುದು ಬೇಡ.

ದಪ್ಪ ಪುಸ್ತಕ ಅಂತ ಹೆದರಬೇಡ, ರೊಸ್ತೋವ್ ಬರುವ ಅಧ್ಯಾಯಗಳಷ್ಟನ್ನೇ ಮೊದಲು ಓದು. ಆಮೇಲೆ ಫೋನ್ ಮಾಡು, ನಿನಗೆ ಏನನ್ನಿಸಿತು ಅಂತ ನಾನು ಕೇಳಬೇಕು.

ನಿನ್ನ ದೊಡ್ಡಪ್ಪ