ನಮ್ಮ ಮನೆಯನ್ನು ಕಾಲುವೆಯಿಂದ ಎತ್ತಿಡಿ: ನಗರಸಭೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ಊರಿನ ಆಸ್ತಿಗಳನ್ನೆಲ್ಲ ಉಪಗ್ರಹ ಚಿತ್ರದ ಮೇಲೆ ತ್ರೀಡಿ ಕಟ್ಟಡಗಳಾಗಿ ಕೂರಿಸಿದ್ದೀರಿ. ನೋಡಲು ಚೆಂದವಿದೆ. ಆದರೆ ನಮ್ಮ ಬೀದಿಯ ಒಂದು ಮನೆಯೂ ತನ್ನ ಜಾಗದಲ್ಲಿಲ್ಲ. ಇಡೀ ಸಾಲು ಹೆಚ್ಚುಕಡಿಮೆ ಒಂದು ಸೈಟಿನಗಲ ಪೂರ್ವಕ್ಕೆ ಸರಿದಿದೆ. ಕೊನೆಯ ಮನೆ ನಮ್ಮದು, ಆಚೆಗೆ ರಾಜಕಾಲುವೆ. ಹೀಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ನಾವು ಕಾಲುವೆಯೊಳಗೆ ಸಂಸಾರ ಮಾಡುತ್ತಿರುವ ಒತ್ತುವರಿದಾರರು.

ಯಜಮಾನರು ತೀರಿಕೊಂಡ ಮೇಲೆ ಖಾತೆ ನನ್ನ ಹೆಸರಿಗಾಗಬೇಕು. ಇ-ಖಾತಾ ಇಲ್ಲದೆ ಬ್ಯಾಂಕಿನವರು ಮನೆ ಅಡ ಇಟ್ಟುಕೊಳ್ಳುವುದಿಲ್ಲ. ಯಜಮಾನರ ಆಸ್ಪತ್ರೆ ಖರ್ಚಿಗೆ ನಾದಿನಿಯಿಂದ ಕೈಸಾಲ ತಂದಿದ್ದೆ. ಆಕೆ ಬಾಯಿಬಿಟ್ಟು ಕೇಳುವುದಿಲ್ಲ, ಹಬ್ಬಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸಿದ್ದಾಳೆ. ನಿಮ್ಮ ಕಚೇರಿಯ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: "ಮ್ಯಾಪಲ್ಲಿ ಹಾಗೇ ಇದೆ, ನಾವೇನ್ ಮಾಡೋಣ?"

ಕೊನೆಗೊಮ್ಮೆ ಸ್ಥಳ ಪರಿಶೀಲನೆಗೆಂದು ಒಬ್ಬ ಹುಡುಗನ ಕೈಗೆ ಟ್ಯಾಬ್ ಕೊಟ್ಟು ಕಳಿಸಿದಿರಿ. ಪಾಪ, ಹೊರಗುತ್ತಿಗೆಯವನು. ನಮ್ಮ ಅಡುಗೆಮನೆಯಲ್ಲಿ ನಿಂತು, "ಅಮ್ಮಾ, ಟ್ಯಾಬ್ ಪ್ರಕಾರ ನಾವೀಗ ಪಕ್ಕದ ಮನೇಲಿದ್ದೀವಿ" ಅಂದ. ಕುಕ್ಕರ್ ನಂದೇ ಕಣಪ್ಪ ಅಂದೆ. "ಗೊತ್ತಮ್ಮ, ಆದ್ರೆ ಮ್ಯಾಪಲ್ಲಿ ನಿಮ್ಮ ಮನೆ ಇರೋ ಜಾಗಕ್ಕೆ ಹೋಗದೆ ಕ್ಯಾಮೆರಾ ಓಪನ್ ಆಗಲ್ಲ." ಸರಿ, ಹಿತ್ತಲ ಬಾಗಿಲಿನಿಂದ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು ಕಾಲುವೆಗೆ ಇಳಿದ. ಕ್ಯಾಮೆರಾ ಓಪನ್ ಆಯಿತು. ನನ್ನ ಆಸ್ತಿಯ ಕಡತದಲ್ಲೀಗ 'ಕಟ್ಟಡದ ಮುಂಭಾಗ' ಅನ್ನುವ ಕಡೆ ಜೊಂಡು, ಹರಿದ ಚಾಪೆ, ಒಂದು ಎಮ್ಮೆಯ ಬೆನ್ನು ಇದೆ. ಷರಾ: 'ಕಟ್ಟಡ ಕಂಡುಬಂದಿಲ್ಲ. ಒತ್ತುವರಿ.' ಕಾಣದ ಕಟ್ಟಡ ಒತ್ತುವರಿ ಮಾಡಿದ್ದು ಹೇಗೋ ತಾವೇ ಹೇಳಬೇಕು. ಆ ಕಾಣದ ಕಟ್ಟಡದ ಮೆಟ್ಟಿಲ ಮೇಲಿನ ಸಣ್ಣ ಕೋಣೆಯನ್ನೂ ಒಂದು ಮಹಡಿ ಎಂದು ಎಣಿಸಿ ತೆರಿಗೆ ಹಾಕುವಾಗ ಮಾತ್ರ ಕಣ್ಣು ಬಲು ಚುರುಕು!

ಬಂದು ಅಳೆಯಿರಿ ಸ್ವಾಮಿ. ಇದಷ್ಟೇ ನಾನು ಕೇಳುತ್ತಿರುವುದು.

ಉಪಗ್ರಹ ಓರೆಯಾಗಿ ನೋಡುವುದರಿಂದ ಹೀಗಾಗುತ್ತದೆ ಎಂದು ತಮ್ಮ ತಾಂತ್ರಿಕ ಸಿಬ್ಬಂದಿ ಪಾಠ ಹೇಳಿದರು. ಯಜಮಾನರು ಡ್ರಾಫ್ಟ್ಸ್‌ಮನ್ ಆಗಿದ್ದವರು, ಮಗನೂ ಇದೇ ಕೆಲಸದಲ್ಲಿದ್ದಾನೆ, ಅಷ್ಟು ನನಗೂ ತಿಳಿಯುತ್ತದೆ. 20 ಡಿಗ್ರಿ ಓರೆಯಿಂದ ತೆಗೆದ ಚಿತ್ರದಲ್ಲಿ 30 ಅಡಿ ಎತ್ತರದ ತಾರಸಿ ಬುಡದಿಂದ ಸುಮಾರು 11 ಅಡಿ ಆಚೆ ಕಾಣುತ್ತದೆ, ನಿಜ. ಆದರೆ 5 ಅಡಿಯ ಕಾಂಪೌಂಡ್ ಗೋಡೆ ವಾಲುವುದು 2 ಅಡಿಯೂ ಇಲ್ಲ. ನಿಮ್ಮ ನಕ್ಷೆಯಲ್ಲಿ ಮನೆ, ಕಾಂಪೌಂಡ್ ಎಲ್ಲ ಒಂದೇ ಅಳತೆ ಸರಿದಿವೆ. ತಪ್ಪು ಉಪಗ್ರಹದ್ದಲ್ಲ, ಚಿತ್ರದ ಮೇಲೆ ಕಟ್ಟಡಗಳ ಲೇಯರನ್ನು (ಪದರವನ್ನು) ತಂದು ಕೂರಿಸಿದವರದ್ದು. ನೆಲದ ಮೇಲಿನ ನಾಲ್ಕು ಗಟ್ಟಿ ಗುರುತುಗಳನ್ನು (ಸೇತುವೆಯ ಮೂಲೆ, ಬೀದಿ ತಿರುವಿನ ಕಲ್ಲು, ಇಂಥವು) ಅಳೆದು ತಾಳೆ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ಜಾಗವನ್ನು ಕರಾರುವಾಕ್ಕಾಗಿ ಗುರುತಿಸಲು ನೆರವಾಗುವ ಸರ್ವೆ ಆಫ್ ಇಂಡಿಯಾದ ಕೋರ್ಸ್ (CORS) ಕೇಂದ್ರಗಳು ಕರ್ನಾಟಕದಲ್ಲಿವೆ. ಅವುಗಳ ನೆರವಿನಿಂದ ಅಳೆಯುವ ಒಂದು ರೋವರ್ (ಕೋಲಿನ ಮೇಲಿನ ಜಿಪಿಎಸ್ ಯಂತ್ರ) ತಂದು ನೆಟ್ಟರೆ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಸುತ್ತ ಸುಣ್ಣದ ಗೆರೆ ಎಳೆದು, ಆಮೇಲೆ ಡ್ರೋನ್ ಹಾರಿಸಿ ನಕ್ಷೆ ಮಾಡುತ್ತಾರೆ. ಹಳ್ಳಿಗಿರುವ ಆ ಸುಣ್ಣದ ಭಾಗ್ಯ ನಮಗಿಲ್ಲವೇ?

ನಿಯಮ ತಮಗೆ ನಾನು ಹೇಳಬೇಕಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ 2011ರ ಸಕಾಲ ಕಾಯ್ದೆ ಇದೆ, ಗಡುವು ಮೀರಿದ ಅರ್ಜಿಗೆ ಯಾರು ಉತ್ತರ ಕೊಡಬೇಕೆಂಬುದೂ ತಮಗೆ ಗೊತ್ತು. ನನಗೆ ದಂಡದ ದುಡ್ಡು ಬೇಡ, ಕ್ಷಮಾಪಣೆಯೂ ಬೇಡ. ಬಂದು ಅಳೆಯಿರಿ. ಲೇಯರನ್ನು ಸರಿಯಾದ ಜಾಗಕ್ಕೆ ಎಳೆಯಿರಿ. ಎಮ್ಮೆಯ ಫೋಟೋ ತೆಗೆದು ಮನೆಯ ಫೋಟೋ ಹಾಕಿ. ಷರಾ ಹೊಡೆದುಹಾಕಿ ಖಾತೆ ಕೊಡಿ. ನಮಗೊಬ್ಬರಿಗೇ ಅಲ್ಲ, ಇಡೀ ಸಾಲಿಗೆ ಮಾಡಿ. ನಮ್ಮದನ್ನಷ್ಟೇ ಎತ್ತಿ ಹಿಂದಕ್ಕಿಟ್ಟರೆ ಪಕ್ಕದವರ ಮನೆಯ ಮೇಲೆ ಕೂರುತ್ತದೆ, ಆಮೇಲೆ ಅವರಿಗೂ ನನಗೂ ಜಗಳ ಹಚ್ಚಿದಂತಾಗುತ್ತದೆ.

ಬಂದು ಅಳೆಯಿರಿ. ಹಿಂದಿನ ದಿನ ಹೇಳಿ ಕಳಿಸಿದರೆ ಪಕ್ಕದವರ ಗೇಟಿನ ಬೀಗದ ಕೈ ಇಸಿದುಕೊಂಡಿರುತ್ತೇನೆ. ಅವರು ಮಗಳ ಮನೆಗೆ ಹೋಗಿದ್ದಾರೆ.

ಇತಿ,
ಕಾಲುವೆ ಪಕ್ಕದ ಮನೆಯವಳು